ನಮ್ಮ ಖರ್ಚು ಬದಲಾದಾಗ ಹಣದುಬ್ಬರದ ಲೆಕ್ಕ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಣದುಬ್ಬರದ ಮಾತು ಬಂದಾಗಲೆಲ್ಲ ಎದುರಿಗೆ ಕುಳಿತವರು ಕೇಳಿದ, ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರುಮಾಡಬಹುದು. ಈ ಲೆಕ್ಕಕ್ಕೆ ಹೊಸಬರಾದವರು ಮೊದಲಿನಿಂದ ಬಂದರೆ ಕೊನೆಯ ಭಾಗ ಸುಲಭವಾಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಹಣದುಬ್ಬರ ಎಂದರೆ ಬೆಲೆ ಏರಿಕೆ ತಾನೇ? ಅದರಲ್ಲಿ ನಾನು ಏನು ಕೊಳ್ಳುತ್ತೇನೆ ಎಂಬುದಕ್ಕೇನು ಕೆಲಸ?

ಒಂದೇ ವಸ್ತುವಿನ ಬೆಲೆಯಾದರೆ ನಿಮ್ಮ ಮಾತು ಸರಿ. ಆದರೆ ಪೇಟೆಯಲ್ಲಿರುವುದು ಸಾವಿರಾರು ವಸ್ತುಗಳು. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ, ಮತ್ತೊಂದು ಇದ್ದಲ್ಲೇ ಇರುತ್ತದೆ. ಇವೆಲ್ಲವನ್ನೂ ಒಂದೇ ಅಂಕಿಯಲ್ಲಿ ಹೇಳಬೇಕಾದರೆ ಸರಾಸರಿ ತೆಗೆಯಲೇಬೇಕು. ಉಪ್ಪಿನ ಬೆಲೆ ಎರಡು ಪಟ್ಟಾದರೂ ಮನೆಯ ಖರ್ಚು ಅಲುಗಾಡುವುದಿಲ್ಲ, ಬಾಡಿಗೆ ಹತ್ತನೇ ಒಂದರಷ್ಟು ಏರಿದರೆ ಇಡೀ ತಿಂಗಳೇ ಬಿಗಿಯಾಗುತ್ತದೆ. ಹಾಗಾಗಿ ಎರಡನ್ನೂ ಸಮವಾಗಿ ಎಣಿಸುವಂತಿಲ್ಲ. ಜನ ಯಾವುದಕ್ಕೆ ಹೆಚ್ಚು ಹಣ ಸುರಿಯುತ್ತಾರೋ ಅದಕ್ಕೆ ಸರಾಸರಿಯಲ್ಲಿ ಹೆಚ್ಚು ತೂಕ. ಈ ಸರಾಸರಿಯನ್ನು ಒಂದೇ ಅಂಕಿಯಲ್ಲಿ ಹೇಳುವ ಗ್ರಾಹಕ ಬೆಲೆ ಸೂಚ್ಯಂಕದ ಒಳಗುಟ್ಟು ಇಷ್ಟೇ. ಖರ್ಚಿನ ರೀತಿ ಬದಲಾದಾಗ ತೂಕಗಳೂ ಬದಲಾಗಬೇಕಾಗುತ್ತದೆ. ಅಂದರೆ ಅಳೆಯಬೇಕಾದ ವಸ್ತುವಿನ ಜೊತೆಗೆ ಅಳತೆಗೋಲೂ ಸರಿಯುತ್ತಾ ಹೋಗುತ್ತದೆ.

ಬುಟ್ಟಿ, ತೂಕ ಎನ್ನುತ್ತಾರಲ್ಲ, ಅದನ್ನು ಯಾರು ತೀರ್ಮಾನಿಸುತ್ತಾರೆ?

ಪ್ರತಿ ದೇಶದ ಅಂಕಿಅಂಶ ಕಚೇರಿ. ಆದರೆ ಅಧಿಕಾರಿಗಳು ಕುಳಿತು ಊಹಿಸುವ ಸಂಗತಿ ಇದಲ್ಲ. ಸಾವಿರಾರು ಕುಟುಂಬಗಳನ್ನು ಆರಿಸಿ, ಅವರು ಏನು ಕೊಂಡರು, ಎಷ್ಟು ಕೊಟ್ಟರು ಎಂಬುದನ್ನು ಕೇಳಿ ಬರೆದುಕೊಳ್ಳುತ್ತಾರೆ. ಕೆಲವು ದೇಶಗಳಲ್ಲಿ ಕುಟುಂಬಗಳೇ ದಿನಚರಿಯಲ್ಲಿ ಖರ್ಚು ಬರೆದಿಡುತ್ತವೆ. ಹೀಗೆ ಲೆಕ್ಕಕ್ಕೆ ಹಿಡಿದ ವಸ್ತು, ಸೇವೆಗಳ ಪಟ್ಟಿಯೇ ಬುಟ್ಟಿ. ಆ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು, ವಸತಿಯ ಪಾಲು, ಪ್ರಯಾಣದ ಪಾಲು ಎಷ್ಟೆಷ್ಟು ಎಂಬುದೇ ತೂಕ. ತಂಬಾಕು, ಮದ್ಯಗಳ ಖರ್ಚನ್ನು ಜನ ಕಡಿಮೆ ಹೇಳುತ್ತಾರೆ ಎಂಬುದು ಎಲ್ಲ ಕಡೆಯೂ ಗೊತ್ತಿರುವ ಸಂಗತಿ. ಅದನ್ನು ಮಾರಾಟ ಮತ್ತು ತೆರಿಗೆಯ ಲೆಕ್ಕದೊಂದಿಗೆ ಹೋಲಿಸಿ ಸರಿಪಡಿಸುವುದುಂಟು.

ಪ್ರಕಟವಾಗುವ ಅಂಕಿಗೂ ನನ್ನ ಜೇಬಿಗೂ ತಾಳೆಯೇ ಆಗುವುದಿಲ್ಲ. ನಮಗೆ ಸುಳ್ಳು ಹೇಳುತ್ತಿದ್ದಾರೆಯೇ?

ಹೆಚ್ಚಿನ ಸಲ ಇಲ್ಲ. ಆದರೆ ನಿಮ್ಮ ಅನುಭವವೂ ಸುಳ್ಳಲ್ಲ, ಅದನ್ನು ಭ್ರಮೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಎರಡು ಮನೆಗಳನ್ನು ನೋಡೋಣ. ಒಂದು ವರ್ಷದಲ್ಲಿ ಆಹಾರ ಶೇ 10ರಷ್ಟು, ಉಳಿದೆಲ್ಲವೂ ಶೇ 2ರಷ್ಟು ತುಟ್ಟಿಯಾಯಿತು ಎಂದುಕೊಳ್ಳಿ. ಮೊದಲ ಮನೆಯ ಖರ್ಚಿನಲ್ಲಿ ಆಹಾರದ ಪಾಲು ಶೇ 60. ಅವರ ಪಾಲಿನ ಹಣದುಬ್ಬರ ಶೇ 6.8. ಎರಡನೆಯ ಮನೆಯಲ್ಲಿ ಆಹಾರದ ಪಾಲು ಶೇ 20, ಅವರಿಗೆ ತಟ್ಟಿದ್ದು ಶೇ 3.6. ಈಗ ಇಬ್ಬರನ್ನೂ ಸೇರಿಸಿ ಸರಾಸರಿ ತೆಗೆದರೆ ಶೇ 5.2 ಬರಬೇಕಲ್ಲವೇ? ಸೂಚ್ಯಂಕದಲ್ಲಿ ಹಾಗೆ ಬರುವುದಿಲ್ಲ. ತೂಕ ಕಟ್ಟುವುದು ಮನೆಗಳನ್ನು ಎಣಿಸಿ ಅಲ್ಲ, ಖರ್ಚಾದ ಹಣವನ್ನು ಎಣಿಸಿ. ಎರಡನೆಯ ಮನೆ ಮೊದಲನೆಯದರ ಐದು ಪಟ್ಟು ಖರ್ಚು ಮಾಡುತ್ತಿದ್ದರೆ ಒಟ್ಟು ಅಂಕಿ ಸುಮಾರು ಶೇ 4.1 ಆಗುತ್ತದೆ. ಹೆಚ್ಚು ಖರ್ಚು ಮಾಡುವವರ ದನಿ ಸೂಚ್ಯಂಕದಲ್ಲಿ ಹೆಚ್ಚು ಕೇಳಿಸುತ್ತದೆ.

ಆದಾಯ ಹೆಚ್ಚಿದಂತೆ ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಆದ್ದರಿಂದ ಆಹಾರ ತುಟ್ಟಿಯಾದ ವರ್ಷಗಳಲ್ಲಿ ಬಡ ಕುಟುಂಬ ಅನುಭವಿಸುವ ಹಣದುಬ್ಬರ ಪ್ರಕಟವಾದ ಅಂಕಿಗಿಂತ ಹೆಚ್ಚಿರುತ್ತದೆ. ಆದಾಯದ ಗುಂಪುಗಳಿಗೆ ಬೇರೆ ಬೇರೆ ಸೂಚ್ಯಂಕ ಪ್ರಕಟಿಸುವುದನ್ನು ಎಲ್ಲ ದೇಶಗಳೂ ರೂಢಿ ಮಾಡಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

## ಬುಟ್ಟಿ ಬದಲಾಗುವ ಬಗೆ

ಒಂದು ತುಟ್ಟಿಯಾದರೆ ನಾನು ಇನ್ನೊಂದನ್ನು ಕೊಳ್ಳುತ್ತೇನೆ. ಲೆಕ್ಕ ಹಾಕುವವರಿಗೆ ಅದು ತಿಳಿಯುತ್ತದೆಯೇ?

ತಕ್ಷಣಕ್ಕೆ ತಿಳಿಯುವುದಿಲ್ಲ. ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ, ಆದ್ದರಿಂದ ಒಂದು ಲೆಕ್ಕವನ್ನು ಬಿಡಿಸಿಯೇ ನೋಡೋಣ.

ಬುಟ್ಟಿಯಲ್ಲಿ ಎರಡೇ ಹಣ್ಣು, ಸೇಬು ಮತ್ತು ಕಿತ್ತಳೆ. ಮೊದಲ ವರ್ಷ ಎರಡರ ಬೆಲೆಯೂ ಕಿಲೋಗೆ 10. ಒಂದು ಕುಟುಂಬ ಎರಡನ್ನೂ ಹತ್ತತ್ತು ಕಿಲೋ ಕೊಂಡಿತು, ಖರ್ಚು 200. ಮರುವರ್ಷ ಸೇಬಿನ ಬೆಲೆ 20 ಆಯಿತು, ಕಿತ್ತಳೆ ಹಾಗೆಯೇ ಉಳಿಯಿತು. ಹಳೆಯ ಬುಟ್ಟಿಯನ್ನೇ ಹಿಡಿದು ಲೆಕ್ಕ ಹಾಕಿದರೆ ಈಗ 300 ಬೇಕು. ಹಣದುಬ್ಬರ ಶೇ 50.

ಆದರೆ ಆ ಕುಟುಂಬ ಹಳೆಯ ಬುಟ್ಟಿಯನ್ನು ಕೊಳ್ಳಲೇ ಇಲ್ಲ. ಸೇಬನ್ನು 4 ಕಿಲೋಗೆ ಇಳಿಸಿ ಕಿತ್ತಳೆಯನ್ನು 16 ಕಿಲೋಗೆ ಏರಿಸಿತು. ಕೊಟ್ಟ ಹಣ 240. ಇದೇ ಹೊಸ ಬುಟ್ಟಿಗೆ ಹಳೆಯ ಬೆಲೆಯಲ್ಲಿ 200 ಸಾಕಾಗುತ್ತಿತ್ತು. ಹೊಸ ಬುಟ್ಟಿಯ ಪ್ರಕಾರ ಹಣದುಬ್ಬರ ಶೇ 20.

ಅದೇ ಪೇಟೆ, ಅದೇ ಬೆಲೆ, ಅದೇ ಮನೆ. ಒಂದು ಲೆಕ್ಕದಲ್ಲಿ 50, ಇನ್ನೊಂದರಲ್ಲಿ 20. ಕೂಡಿಸುವುದರಲ್ಲಿ ಎಲ್ಲೂ ತಪ್ಪಾಗಿಲ್ಲ. ಹಳೆಯ ಬುಟ್ಟಿಯ ಸೂತ್ರವನ್ನು 1871ರಲ್ಲಿ ಎತಿಯೆನ್ ಲಾಸ್ಪೆಯರ್ಸ್, ಹೊಸ ಬುಟ್ಟಿಯ ಸೂತ್ರವನ್ನು 1874ರಲ್ಲಿ ಹರ್ಮನ್ ಪಾಶೆ ಮುಂದಿಟ್ಟರು. ಮೊದಲನೆಯದು ಜನ ಬೆಲೆ ನೋಡಿ ಬದಲಿ ಹುಡುಕುತ್ತಾರೆ ಎಂಬುದನ್ನು ಮರೆಯುತ್ತದೆ. ಎರಡನೆಯದು ಆ ಬದಲಿಗೆ ಹೋಗುವಾಗ ಅವರು ಬಿಟ್ಟುಕೊಟ್ಟದ್ದನ್ನು ಮರೆಯುತ್ತದೆ. ಸಾಮಾನ್ಯವಾಗಿ ಎಲ್ಲ ಕಡೆ ಬಳಕೆಯಲ್ಲಿರುವುದು ಮೊದಲನೆಯ ಜಾತಿಯ ಸೂತ್ರವೇ. ಹಳೆಯ ತೂಕ ಕೈಯಲ್ಲಿರುತ್ತದೆ, ಹೊಸದು ಬರಲು ಸಮೀಕ್ಷೆ ಮುಗಿಯಬೇಕು.

ಆ ವಸ್ತುವನ್ನು ಈಗ ಕಡಿಮೆ ಕೊಳ್ಳುತ್ತಿದ್ದೇವೆ, ಆದರೂ ಅದರ ತೂಕ ಹೆಚ್ಚಾಗಿದೆಯಂತೆ. ಅದು ಹೇಗೆ?

ತೂಕ ಎಂದರೆ ಪ್ರಮಾಣವಲ್ಲ, ಖರ್ಚಿನ ಪಾಲು. ಬೆಲೆ ಎರಡು ಪಟ್ಟಾಗಿ, ನೀವು ಕೊಳ್ಳುವುದನ್ನು ಐದನೇ ಒಂದರಷ್ಟು ಕಡಿಮೆ ಮಾಡಿದರೂ ಅದರ ಮೇಲಿನ ಖರ್ಚು 1.6 ಪಟ್ಟಾಗಿರುತ್ತದೆ. ಇಂಧನ, ಔಷಧಿ, ಬಾಡಿಗೆಯಂಥ ಬಿಡಲಾಗದ ಖರ್ಚುಗಳಲ್ಲಿ ಹೀಗಾಗುತ್ತದೆ. ತೂಕ ಏರಿದ್ದನ್ನು ಕಂಡು ಜನ ಅದನ್ನು ಹೆಚ್ಚು ಬಳಸುತ್ತಿದ್ದಾರೆ ಎಂದು ಬರೆಯುವ ಸುದ್ದಿಗಳನ್ನು ಎಚ್ಚರದಿಂದ ಓದಬೇಕು.

ಬುಟ್ಟಿಯನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸುತ್ತಾರೆ?

ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಬಹಳ ಕಾಲ ಸುಮಾರು ಹತ್ತು ವರ್ಷಕ್ಕೊಮ್ಮೆ ಬದಲಿಸುತ್ತಿದ್ದರು. 2002ರಿಂದ ಎರಡು ವರ್ಷಕ್ಕೊಮ್ಮೆ, 2023ರಿಂದ ಪ್ರತಿ ವರ್ಷ. ಯುರೋಪ್ ಒಕ್ಕೂಟದ ದೇಶಗಳೆಲ್ಲ ಒಂದೇ ವಿಧಾನದಲ್ಲಿ ಲೆಕ್ಕ ಹಾಕುವ ಸಮನ್ವಿತ ಸೂಚ್ಯಂಕದ ತೂಕಗಳೂ ವರ್ಷಕ್ಕೊಮ್ಮೆ ಹೊಸದಾಗುತ್ತವೆ.

ಬ್ರಿಟನ್ನಿನಲ್ಲಿ ಪ್ರತಿ ವರ್ಷ ಯಾವ ವಸ್ತು ಒಳಗೆ, ಯಾವುದು ಹೊರಗೆ ಎಂಬ ಪಟ್ಟಿ ಬರುತ್ತದೆ. ಒಂದು ಸಮಾಜದ ಬದುಕು ಹೇಗೆ ಹೊರಳುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಕನ್ನಡಿ ನನಗೆ ಸಿಕ್ಕಿಲ್ಲ. ಸೋಂಕಿನ ಕಾಲದಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರ್ 2021ರಲ್ಲಿ ಬುಟ್ಟಿಗೆ ಬಂತು, 2024ರಲ್ಲಿ ಹೊರಹೋಯಿತು. ಗಂಡಸರ ಸೂಟು 2022ರಲ್ಲಿ ಪಟ್ಟಿಯಿಂದ ಬಿಟ್ಟುಹೋಯಿತು. ಜನ ಮನೆಯಿಂದಲೇ ಕೆಲಸ ಮಾಡತೊಡಗಿದ್ದರು. 1992ರಲ್ಲಿ ಹೊರಬಿದ್ದಿದ್ದ ಗ್ರಾಮಫೋನ್ ತಟ್ಟೆ 2024ರಲ್ಲಿ ಏರ್‌ಫ್ರೈಯರ್ ಜೊತೆಗೆ ಮತ್ತೆ ಬುಟ್ಟಿಗೆ ಬಂತು.

ತೂಕ ಬದಲಿಸಿದ ತಿಂಗಳು ಹಣದುಬ್ಬರ ಬೇಕೆಂದೇ ಇಳಿಸಬಹುದಲ್ಲವೇ?

ತೂಕ ಬದಲಿಸಿದ ಮಾತ್ರಕ್ಕೆ ಸೂಚ್ಯಂಕ ಜಿಗಿಯುವುದಿಲ್ಲ. ಒಂದು ತಿಂಗಳ ಲೆಕ್ಕವನ್ನು ಹಳೆಯ ತೂಕದಲ್ಲೂ ಹೊಸ ತೂಕದಲ್ಲೂ ಮಾಡಿ, ಹಗ್ಗದ ಎರಡು ತುಂಡುಗಳನ್ನು ಗಂಟು ಹಾಕಿದಂತೆ ಆ ತಿಂಗಳಲ್ಲಿ ಎರಡನ್ನೂ ಜೋಡಿಸುತ್ತಾರೆ. ವ್ಯತ್ಯಾಸ ಕಾಣುವುದು ಅಲ್ಲಿಂದ ಮುಂದೆ. ನಿಧಾನವಾಗಿ ಏರುವ ವಸ್ತುಗಳ ತೂಕ ಹೆಚ್ಚಾಗಿದ್ದರೆ ಮುಂದಿನ ಅಂಕಿ ಕೆಳಗಿರುತ್ತದೆ, ವೇಗವಾಗಿ ಏರುವುದರ ತೂಕ ಹೆಚ್ಚಾಗಿದ್ದರೆ ಮೇಲಿರುತ್ತದೆ.

ಹಾಗೆಂದು ಕೈವಾಡ ಎಲ್ಲೂ ನಡೆದೇ ಇಲ್ಲ ಎಂದಲ್ಲ. ಅರ್ಜೆಂಟೀನಾದ ಅಧಿಕೃತ ಬೆಲೆ ಅಂಕಿಅಂಶಗಳು ನಂಬಲರ್ಹವಾಗಿ ಉಳಿಯದಿದ್ದಾಗ ಅಂತರರಾಷ್ಟ್ರೀಯ ಹಣಕಾಸು ನಿಧಿ 2013ರಲ್ಲಿ ಆ ದೇಶಕ್ಕೆ ಬಹಿರಂಗವಾಗಿ ಛೀಮಾರಿ ಹಾಕಿತು. ತೂಕಗಳ ಪೂರ್ತಿ ಪಟ್ಟಿ, ಸಮೀಕ್ಷೆಯ ವರ್ಷ, ಜೋಡಿಸಿದ ವಿಧಾನ ಇವೆಲ್ಲವೂ ಪ್ರಕಟವಾಗಿವೆಯೇ ಎಂದು ನೋಡಿ. ತೆರೆದಿಟ್ಟ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಕೂಡಿಸಿ ನೋಡಬಹುದು.

ಹಿಂದೆ ಇರದೇ ಇದ್ದ ವಸ್ತುಗಳನ್ನು ಏನು ಮಾಡುತ್ತಾರೆ? ಮೊಬೈಲ್ ಫೋನಿಗೆ ಹೋದ ವರ್ಷದ ಬೆಲೆಯೇ ಇಲ್ಲದ ಕಾಲವಿತ್ತಲ್ಲ.

ಕಾಯುತ್ತಾರೆ, ಕೆಲವೊಮ್ಮೆ ಬಹಳ ಹೆಚ್ಚು ಕಾಯುತ್ತಾರೆ. ಅಮೆರಿಕದ ಸೂಚ್ಯಂಕಕ್ಕೆ ಮೊಬೈಲ್ ಫೋನ್ ಸೇರಿದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಕೋಟ್ಯಂತರ ಜನರ ಕೈಯಲ್ಲಿ ಅದು ಓಡಾಡುತ್ತಿತ್ತು. ಹೊಸ ವಸ್ತು ಮೊದಲು ದುಬಾರಿಯಾಗಿದ್ದು ಆಮೇಲೆ ಸರಸರನೆ ಅಗ್ಗವಾಗುತ್ತದೆ. ತಡವಾಗಿ ಸೇರಿಸಿದರೆ ಆ ಇಳಿಕೆ ಸೂಚ್ಯಂಕಕ್ಕೆ ದಕ್ಕುವುದೇ ಇಲ್ಲ.

ಇನ್ನೊಂದು ತೊಡಕೂ ಇದೆ. ಹಿಂದೆ ಕ್ಯಾಮೆರಾ, ನಕ್ಷೆ, ಅಲಾರಾಂ ಗಡಿಯಾರ ಎಲ್ಲಕ್ಕೂ ಬೇರೆ ಬೇರೆ ಹಣ ಕೊಡುತ್ತಿದ್ದೆವು. ಈಗ ಅವೆಲ್ಲವೂ ಒಂದೇ ಸಾಧನದೊಳಗೆ ಕುಳಿತಿವೆ. ಹಣ ಕೊಡದೆ ಸಿಗುವ ಸೇವೆಗೆ ಖರ್ಚಿನ ಪಾಲು ಸೊನ್ನೆ, ತೂಕವೂ ಸೊನ್ನೆ. ಬದುಕಿನಲ್ಲಿ ಅದು ಎಷ್ಟು ದೊಡ್ಡದಾಗಿದ್ದರೂ ಸೂಚ್ಯಂಕದ ಕಣ್ಣಿಗೆ ಬೀಳುವುದಿಲ್ಲ.

ಬೆಲೆ ಅಷ್ಟೇ ಇದೆ, ಪೊಟ್ಟಣ ಮಾತ್ರ ಸಣ್ಣದಾಗಿದೆ. ಇದನ್ನು ಹಿಡಿಯುತ್ತಾರೆಯೇ?

ಹಿಡಿಯುತ್ತಾರೆ. ಬೆಲೆ ಬರೆದುಕೊಳ್ಳುವವರು ಗ್ರಾಮಿನ ಲೆಕ್ಕವನ್ನೂ ಬರೆದುಕೊಳ್ಳುತ್ತಾರೆ. 500 ಗ್ರಾಂ ಇದ್ದದ್ದು 450 ಆದರೆ ಅದು ಸುಮಾರು ಶೇ 11ರಷ್ಟು ಬೆಲೆ ಏರಿಕೆ ಎಂದೇ ದಾಖಲಾಗುತ್ತದೆ. ಗುಣಮಟ್ಟ ಇಳಿದದ್ದನ್ನು, ಸೇವೆ ಒರಟಾದದ್ದನ್ನು ಹಿಡಿಯುವುದು ಇದಕ್ಕಿಂತ ಬಹಳ ಕಷ್ಟ.

2020ರಲ್ಲಿ ಎಲ್ಲರೂ ಮನೆಯೊಳಗೇ ಇದ್ದೆವು. ಆಗ ಯಾವ ಬುಟ್ಟಿಯಿಂದ ಲೆಕ್ಕ ಹಾಕಿದರು?

ಹಿಂದಿನ ಬುಟ್ಟಿಯಿಂದ. ಖರ್ಚಿನ ಅಭ್ಯಾಸ ನಿಧಾನವಾಗಿ ಹೊರಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ಇಡೀ ಏರ್ಪಾಡಿಗೆ ಅದು ದೊಡ್ಡ ಪರೀಕ್ಷೆಯಾಯಿತು. ಕೆಲವೇ ವಾರಗಳಲ್ಲಿ ಪ್ರಯಾಣ, ಹೋಟೆಲು, ಸಿನಿಮಾಗಳ ಖರ್ಚು ನೆಲಕಚ್ಚಿತು. ಮನೆಯಡುಗೆಯ ಸಾಮಾನಿನ ಖರ್ಚು ಏರಿತು. ಅದೇ ಹೊತ್ತಿಗೆ ಇಂಧನದ ಬೆಲೆ ಕುಸಿಯಿತು, ಆಹಾರದ ಬೆಲೆ ಏರಿತು. ಜನ ಕೊಳ್ಳದೇ ಇದ್ದುದು ಅಗ್ಗವಾಯಿತು, ಕೊಳ್ಳುತ್ತಿದ್ದುದು ತುಟ್ಟಿಯಾಯಿತು. ಹಳೆಯ ತೂಕದ ಸೂಚ್ಯಂಕಕ್ಕೆ ಅಗ್ಗವಾದದ್ದೇ ಹೆಚ್ಚು ಕಂಡಿತು.

ಹಾರ್ವರ್ಡ್‌ನ ಆಲ್ಬರ್ಟೊ ಕವಾಲ್ಲೊ ಕಾರ್ಡುಗಳ ಮೂಲಕ ನಡೆದ ಖರ್ಚಿನ ಮಾಹಿತಿಯಿಂದ ಆ ದಿನಗಳ ನಿಜವಾದ ಬುಟ್ಟಿಯನ್ನು ಅಂದಾಜು ಮಾಡಿದರು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ವಾರ್ಷಿಕ ಹಣದುಬ್ಬರ ಅಧಿಕೃತ ತೂಕದಲ್ಲಿ ಶೇ 0.35 ಇದ್ದರೆ, ಬದಲಾದ ಬುಟ್ಟಿಯಲ್ಲಿ ಶೇ 1.06 ಬಂತು. ಅಂಕಿಗಳು ಸಣ್ಣವು, ಆದರೆ ಒಂದು ಇನ್ನೊಂದರ ಮೂರು ಪಟ್ಟು.

ಮುಚ್ಚಿದ ಅಂಗಡಿಯಲ್ಲಿ ಬೆಲೆ ಕೇಳುವುದು ಹೇಗೆ ಎಂಬ ತೊಡಕು ಬೇರೆ. ಸಿಗದ ಬೆಲೆಯ ಜಾಗದಲ್ಲಿ ಅದೇ ಬಗೆಯ ಇತರ ವಸ್ತುಗಳ ಏರಿಳಿತವನ್ನಿಟ್ಟು ತುಂಬಿಕೊಂಡರು. ಮರುವರ್ಷದ ಸಮಸ್ಯೆ ಇದಕ್ಕೆ ತದ್ವಿರುದ್ಧ. ಯುರೋಪಿನಲ್ಲಿ 2021ರ ತೂಕಗಳು 2020ರ ಆ ವಿಚಿತ್ರ ಖರ್ಚನ್ನು ಬಿಂಬಿಸುವಂತೆ ಮಾಡಿದ್ದರು. ಅಷ್ಟರಲ್ಲಿ ಜನ ಮತ್ತೆ ಹೊರಗೆ ಓಡಾಡತೊಡಗಿದ್ದರು. ಬುಟ್ಟಿಯನ್ನು ಬೇಗ ಬೇಗ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದವರಿಗೆ ಇದು ಪಾಠವಾಗಬೇಕು. ತಾತ್ಕಾಲಿಕ ಬದಲಾವಣೆಗೂ ನೆಲೆನಿಂತ ಬದಲಾವಣೆಗೂ ಇರುವ ವ್ಯತ್ಯಾಸ ಆ ಹೊತ್ತಿನಲ್ಲಿ ಯಾರಿಗೂ ಕಾಣುವುದಿಲ್ಲ.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಎರಡು ಸೂತ್ರ ಎರಡು ಉತ್ತರ ಕೊಟ್ಟರೆ ನಾವು ಯಾವುದನ್ನು ನಂಬಬೇಕು?

ಸತ್ಯ ಸಾಮಾನ್ಯವಾಗಿ ಎರಡರ ನಡುವೆ ಇರುತ್ತದೆ. ಹಳೆಯ ಬುಟ್ಟಿಯ ಸೂಚ್ಯಂಕವನ್ನೂ ಹೊಸ ಬುಟ್ಟಿಯದನ್ನೂ ಗುಣಿಸಿ ವರ್ಗಮೂಲ ತೆಗೆಯುವುದು 1922ರಲ್ಲಿ ಅಮೆರಿಕದ ಅರ್ವಿಂಗ್ ಫಿಶರ್ ‘ಆದರ್ಶ’ ಎಂದು ಕರೆದ ಸೂತ್ರ. ಹಣ್ಣಿನ ಬುಟ್ಟಿಯಲ್ಲಿ 1.5 ಮತ್ತು 1.2ರ ಗುಣಲಬ್ಧ 1.8, ಅದರ ವರ್ಗಮೂಲ ಸುಮಾರು 1.34. ಹಣದುಬ್ಬರ ಶೇ 34. ಹೊಸ ಬುಟ್ಟಿ ಇನ್ನೂ ಗೊತ್ತಿಲ್ಲದಿದ್ದರೆ, ಬೆಲೆ ಬದಲಾದರೂ ಖರ್ಚಿನ ಪಾಲು ಅಷ್ಟೇ ಉಳಿಯುತ್ತದೆ ಎಂದು ಊಹಿಸಿ ಗುಣೋತ್ತರ ಸರಾಸರಿ ತೆಗೆಯುತ್ತಾರೆ. ಇಲ್ಲಿ ಸೇಬಿನ ಬೆಲೆ 2 ಪಟ್ಟು, ಕಿತ್ತಳೆಯದು 1 ಪಟ್ಟು. ಎರಡರ ಗುಣಲಬ್ಧದ ವರ್ಗಮೂಲ ಸುಮಾರು 1.41, ಅಂದರೆ ಶೇ 41.

ಇದರ ಹಿಂದಿನ ತತ್ವವನ್ನು ರಷ್ಯಾದ ಕೋನ್ಯೂಸ್ 1924ರಲ್ಲಿ ಸ್ಪಷ್ಟವಾಗಿ ಹೇಳಿದರು. ಅದೇ ಬುಟ್ಟಿಗೆ ಎಷ್ಟು ಬೇಕು ಎಂದು ಕೇಳುವ ಬದಲು ಅದೇ ಮಟ್ಟದ ಬದುಕಿಗೆ ಎಷ್ಟು ಬೇಕು ಎಂದು ಕೇಳಬೇಕು ಎಂಬುದು ಆ ತತ್ವ. ಅಮೆರಿಕ 2002ರಿಂದ ಈ ಬಗೆಯ, ತಿಂಗಳ ಲೆಕ್ಕಗಳನ್ನು ಕೊಂಡಿಗಳಂತೆ ಒಂದಕ್ಕೊಂದು ಜೋಡಿಸುತ್ತಾ ಹೋಗುವ ‘ಸರಪಳಿ ಸೂಚ್ಯಂಕ’ವನ್ನು ಪ್ರಕಟಿಸುತ್ತಿದೆ. ತೊಡಕೆಂದರೆ ಖರ್ಚಿನ ಮಾಹಿತಿ ತಡವಾಗಿ ಬರುವುದರಿಂದ ಅದನ್ನು ಆಮೇಲೆ ಪರಿಷ್ಕರಿಸುತ್ತಲೇ ಇರಬೇಕು. ಬಾಡಿಗೆ ಕರಾರಿಗೆ, ಕೂಲಿ ಒಪ್ಪಂದಕ್ಕೆ ಆಧಾರವಾಗುವ ಅಂಕಿಯನ್ನು ಹಾಗೆ ತಿದ್ದುತ್ತಾ ಹೋಗಲಾಗುವುದಿಲ್ಲ.

ಬುಟ್ಟಿ ಹಳೆಯದಾದರೆ ತಪ್ಪು ಎಷ್ಟಾಗಬಹುದು? ಯಾರಾದರೂ ಲೆಕ್ಕ ಹಾಕಿದ್ದಾರೆಯೇ?

ಹೆಸರಾಂತ ಪ್ರಯತ್ನ ಮೈಕೆಲ್ ಬಾಸ್ಕಿನ್ ಅಧ್ಯಕ್ಷತೆಯ ಆಯೋಗದ್ದು. ಅಮೆರಿಕದ ಸೂಚ್ಯಂಕ ಹಣದುಬ್ಬರವನ್ನು ವರ್ಷಕ್ಕೆ ಸುಮಾರು 1.1 ಶೇಕಡಾ ಅಂಶದಷ್ಟು ಹೆಚ್ಚಾಗಿ ತೋರಿಸುತ್ತಿದೆ ಎಂದು ಅದು 1996ರಲ್ಲಿ ವರದಿ ಮಾಡಿತು. ಅದರಲ್ಲಿ 0.4 ಜನ ಬದಲಿ ವಸ್ತುಗಳಿಗೆ ಹೋಗುವುದರಿಂದ, 0.1 ಅಗ್ಗದ ಅಂಗಡಿಗಳಿಗೆ ಹೋಗುವುದರಿಂದ, 0.6 ಹೊಸ ವಸ್ತು ಮತ್ತು ಗುಣಮಟ್ಟದಿಂದ. 1999ರಲ್ಲಿ ಅಲ್ಲಿನ ಕಚೇರಿ ಬಹುಪಾಲು ವಸ್ತುಗಳ ಕೆಳಹಂತದ ಲೆಕ್ಕಕ್ಕೆ, ಅಂದರೆ ಒಂದೇ ಬಗೆಯ ವಸ್ತುವಿನ ಬೇರೆ ಬೇರೆ ಬೆಲೆಗಳನ್ನು ಮೊದಲು ಒಟ್ಟುಮಾಡುವ ಹಂತಕ್ಕೆ, ಗುಣೋತ್ತರ ಸರಾಸರಿಯನ್ನು ತಂದಿತು. ಆಯೋಗದ ಅಂದಾಜು, ಅದರಲ್ಲೂ ಗುಣಮಟ್ಟದ ಭಾಗ, ಅತಿಯಾಯಿತು ಎಂದು ವಾದಿಸಿದವರು ಆಗಲೂ ಇದ್ದರು. ಆದರೆ 1 ಅಂಶ ಎಂದರೆ ಚಿಕ್ಕದಲ್ಲ. ವರ್ಷಕ್ಕೆ ಅಷ್ಟು ಹೆಚ್ಚುತ್ತಾ ಹೋದರೆ ಇಪ್ಪತ್ತು ವರ್ಷಗಳಲ್ಲಿ ಸೂಚ್ಯಂಕ ಶೇ 22ರಷ್ಟು ಮೇಲೆ ಹೋಗಿರುತ್ತದೆ.

ಕೈಯಲ್ಲಿ ಹಣವಿಲ್ಲದೆ ಅಗ್ಗದ ಮಾಲಿಗೆ ಇಳಿದೆವು. ಇದನ್ನು ‘ಆಯ್ಕೆ’ ಎಂದು ಕರೆದು ಹಣದುಬ್ಬರ ಕಡಿಮೆ ಎನ್ನುವುದು ನ್ಯಾಯವೇ?

ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಸೇಬಿನಿಂದ ಕಿತ್ತಳೆಗೆ ಹೋಗುವುದರಲ್ಲಿ ಹೆಚ್ಚು ನೋವಿಲ್ಲದಿರಬಹುದು. ಔಷಧಿಯ ಪ್ರಮಾಣ ಕಡಿಮೆ ಮಾಡುವುದು, ಮಕ್ಕಳನ್ನು ದೂರದ ಶಾಲೆಗೆ ಸೇರಿಸುವುದು ಹಾಗಲ್ಲ. ಖರ್ಚಿನ ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ. ಬದಲಿಯನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರಗಳು, ಬದುಕಿನ ಮಟ್ಟ ಕೆಳಗಿಳಿಯದ ಬದಲಿಯನ್ನಷ್ಟೇ ಹಿಡಿಯಬೇಕೆಂಬ ಉದ್ದೇಶದವು. ಆದಾಯವೇ ಕುಸಿದು ಇಳಿದವರನ್ನು ಅವು ಬೇರ್ಪಡಿಸಲಾರವು.

ಕೆಳಗಿಳಿದವರಿಗೆ ಇನ್ನೊಂದು ಪೆಟ್ಟೂ ಬಿತ್ತು. ಒಂದೇ ಬಗೆಯ ವಸ್ತುವಿನಲ್ಲಿ ಅಗ್ಗದ ಬ್ರ್ಯಾಂಡುಗಳ ಬೆಲೆ ದುಬಾರಿ ಬ್ರ್ಯಾಂಡುಗಳಿಗಿಂತ ವೇಗವಾಗಿ ಏರಿದ್ದನ್ನು 2020ರ ನಂತರದ ಹಣದುಬ್ಬರದ ಅಲೆಯಲ್ಲಿ ಹಲವು ದೇಶಗಳ ಮಾಹಿತಿಯಿಂದ ಕವಾಲ್ಲೊ ಮತ್ತು ಒಲೆಕ್ಸಿ ಕ್ರಿವ್ತ್ಸೊವ್ ತೋರಿಸಿದ್ದಾರೆ. ಮೊದಲೇ ಅಗ್ಗದ್ದನ್ನು ಕೊಳ್ಳುತ್ತಿದ್ದವರಿಗೆ ಇನ್ನೂ ಕೆಳಗೆ ಮೆಟ್ಟಿಲೇ ಇರಲಿಲ್ಲ.

ಈಗ ಅಂಗಡಿಯ ಪ್ರತಿ ಬಿಲ್ಲೂ ಕಂಪ್ಯೂಟರಿನಲ್ಲಿದೆ. ಪ್ರತಿ ತಿಂಗಳೂ ಹೊಸ ತೂಕ ಹಾಕಿದರೆ ಸಮಸ್ಯೆಯೇ ಇಲ್ಲವಲ್ಲ?

ನಾನೂ ಮೊದಲು ಹಾಗೆಯೇ ಎಂದುಕೊಂಡಿದ್ದೆ. ಒಂದು ಸಣ್ಣ ಲೆಕ್ಕ ನೋಡಿ. ಬುಟ್ಟಿಯಲ್ಲಿ ಸೋಪು ಮತ್ತು ಇತರೆ, ಪಾಲು ಅರ್ಧರ್ಧ. ರಿಯಾಯಿತಿ ಮಾರಾಟದಲ್ಲಿ ಸೋಪಿನ ಬೆಲೆ ಅರ್ಧಕ್ಕೆ ಇಳಿಯಿತು. ಸೂಚ್ಯಂಕ 100ರಿಂದ 75ಕ್ಕೆ ಬಂತು. ಜನ ಮುಗಿಬಿದ್ದು ಕೊಂಡು ಕೂಡಿಟ್ಟರು, ಆ ತಿಂಗಳು ಖರ್ಚಿನಲ್ಲಿ ಸೋಪಿನ ಪಾಲು ಶೇ 80 ಆಯಿತು. ಮುಂದಿನ ತಿಂಗಳು ಬೆಲೆ ಮೊದಲಿನಷ್ಟೇ ಆಯಿತು, ಅಂದರೆ ಎರಡು ಪಟ್ಟಾಯಿತು. ಹೊಸ ತೂಕದ ಪ್ರಕಾರ ಏರಿಕೆ ಶೇ 80. ಸೂಚ್ಯಂಕ 75ರಿಂದ 135ಕ್ಕೆ ಹೋಯಿತು. ಎಲ್ಲ ಬೆಲೆಗಳೂ ಮೊದಲಿದ್ದಲ್ಲಿಗೇ ಮರಳಿವೆ, ಸೂಚ್ಯಂಕ ಮಾತ್ರ ಶೇ 35ರ ಹಣದುಬ್ಬರ ತೋರಿಸುತ್ತಿದೆ.

ಸರಪಳಿಯ ಪ್ರತಿ ಕೊಂಡಿಯಲ್ಲೂ ಸೇರುವ ಈ ಓರೆ ಮಾಯವಾಗುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ಅನೇಕ ತಿಂಗಳುಗಳನ್ನು ಒಂದರೊಡನೊಂದು ಒಟ್ಟಿಗೆ ಹೋಲಿಸುವ ವಿಧಾನಗಳನ್ನು ರೂಪಿಸಿದ್ದಾರೆ. ಬಿಲ್ಲಿನ ಮಾಹಿತಿಯನ್ನು ನೆದರ್‌ಲ್ಯಾಂಡ್ಸ್ 2002ರಿಂದ ಬಳಸುತ್ತಿದೆ. ಆಸ್ಟ್ರೇಲಿಯಾ 2017ರ ಕೊನೆಯ ತ್ರೈಮಾಸಿಕದಿಂದ ಈ ಹೊಸ ವಿಧಾನಗಳಿಗೆ ಬದಲಾಯಿತು. ಆದರೆ ಬಿಲ್ಲು ಕೊಡದ ಅಂಗಡಿಯಲ್ಲಿ, ನಗದಿನಲ್ಲಿ ಕೊಳ್ಳುವವರ ಖರ್ಚು ಈ ಮಾಹಿತಿಗೆ ಸೇರುವುದಿಲ್ಲ. ಅಂಥವರ ಮನೆಗೆ ಸಮೀಕ್ಷೆಯವರು ಹೋಗಿ ಕೇಳುವುದು ನಿಲ್ಲಬಾರದು.

ಪಿಂಚಣಿಯನ್ನು ಯಾವ ಸೂಚ್ಯಂಕಕ್ಕೆ ಜೋಡಿಸಬೇಕು? ಸೂತ್ರ ಬದಲಾದರೆ ನನ್ನ ಹಣ ಕಡಿಮೆಯಾಗುತ್ತದೆಯೇ?

ಆಗಬಹುದು. ಬದಲಿಯನ್ನು ಲೆಕ್ಕಕ್ಕೆ ಹಿಡಿಯುವ ಸೂಚ್ಯಂಕ ಸಾಮಾನ್ಯವಾಗಿ ನಿಧಾನವಾಗಿ ಏರುವುದರಿಂದ ಅದಕ್ಕೆ ಜೋಡಿಸಿದ ಪಿಂಚಣಿಯೂ ನಿಧಾನವಾಗಿ ಏರುತ್ತದೆ. ಅಮೆರಿಕದಲ್ಲಿ ಆದಾಯ ತೆರಿಗೆಯ ಹಂತಗಳನ್ನು 2018ರಿಂದ ಸರಪಳಿ ಸೂಚ್ಯಂಕಕ್ಕೆ ಜೋಡಿಸಿದ್ದಾರೆ. ಸಾಮಾಜಿಕ ಭದ್ರತೆಯ ಪಿಂಚಣಿ ಮಾತ್ರ ನಗರದ ಕೂಲಿಕಾರರು ಮತ್ತು ಗುಮಾಸ್ತರ ಖರ್ಚಿನ ಮೇಲೆ ಕಟ್ಟಿದ ಹಳೆಯ ಬಗೆಯ ಸೂಚ್ಯಂಕದಲ್ಲೇ ಉಳಿದಿದೆ. ಹೀಗಾಗಿ ಒಂದೇ ದೇಶದಲ್ಲಿ ಪಿಂಚಣಿಗೆ ಒಂದು ಹಣದುಬ್ಬರ, ತೆರಿಗೆಗೆ ಇನ್ನೊಂದು. ಬಡ್ಡಿದರ ನಿರ್ಧರಿಸುವ ಕೇಂದ್ರ ಬ್ಯಾಂಕ್ 2012ರಲ್ಲಿ ಶೇ 2ರ ಗುರಿ ಘೋಷಿಸಿದ್ದು ಮೂರನೆಯದೊಂದರ ಮೇಲೆ, ರಾಷ್ಟ್ರೀಯ ಲೆಕ್ಕಪತ್ರದಿಂದ ಬರುವ ಖಾಸಗಿ ಬಳಕೆ ವೆಚ್ಚದ ಬೆಲೆ ಸೂಚ್ಯಂಕದ ಮೇಲೆ.

ವಯಸ್ಸಾದವರ ಖರ್ಚಿನಲ್ಲಿ ಚಿಕಿತ್ಸೆಯ ಪಾಲು ದೊಡ್ಡದು, ಅವರು ಬದಲಿ ಹುಡುಕಬಹುದಾದ ಜಾಗ ಕಿರಿದು. ಆದ್ದರಿಂದ ಪಿಂಚಣಿಯನ್ನು ಪಿಂಚಣಿದಾರರ ಬುಟ್ಟಿಗೇ ಜೋಡಿಸಬೇಕು ಎನ್ನುವವರ ಪಕ್ಷ ನನ್ನದು. ಅಮೆರಿಕದ ಕಚೇರಿ 62 ದಾಟಿದವರಿಗಾಗಿ ಪ್ರಾಯೋಗಿಕ ಸೂಚ್ಯಂಕವೊಂದನ್ನು ಲೆಕ್ಕ ಹಾಕುತ್ತಿದೆ. ಅದಕ್ಕೆ ಪ್ರತ್ಯೇಕ ಸಮೀಕ್ಷೆ ಇಲ್ಲ, ಬೆಲೆ ಬರೆದುಕೊಳ್ಳುವುದೂ ಎಲ್ಲರಿಗಾಗಿ ಆರಿಸಿದ ಅಂಗಡಿಗಳಲ್ಲೇ. ಮೊದಲು ಆಗಬೇಕಾದ ಕೆಲಸ ಆ ಸಮೀಕ್ಷೆ.